ಭೈರನ ಕೊಂಬಿನ ಹಿಡಿಕೆ

ಫೆಬ್ರುವರಿ ನಾಲ್ಕು, ಬುಧವಾರ. ಬೆಳಗ್ಗೆ ಏಳೂವರೆಗೆ ಅಜ್ಜಂಪುರ ಠಾಣೆಗೆ ಬಂದ ಓಂಕಾರೇಶ್‌ಗೆ ದೂರು ಹೇಳಲು ನಾಲಿಗೆಯೇ ಹೊರಳಲಿಲ್ಲ. ಜೊತೆಗೆ ಬಂದಿದ್ದ ಅವರ ಗಾಡಿ ಹೊಡೆಯುವ ರವಿಕುಮಾರನೇ ಹೇಳಿದ. ಭಾನುವಾರ ಕಡೂರಿನ ಗಾಡಿ ಓಟಕ್ಕೆ ಹೋಗಬೇಕಿದ್ದ ಅಮೃತಮಹಲ್ ತಳಿಯ ಎತ್ತು ಮೈಲಾರನ ಹಿಂಗಾಲಿನ ನರವನ್ನು ರಾತ್ರಿ ಯಾರೋ ಓಂಕಾರೇಶ್‌ರ ಕೊಟ್ಟಿಗೆಗೆ ನುಗ್ಗಿ ಕೊಯ್ದಿದ್ದರು.

ಮೂಕಪ್ರಾಣಿಯ ಮೇಲೆ ಕೈ ಮಾಡುವವರನ್ನು ಕಂಡರೆ ಪಿಎಸ್‌ಐ ಸುಮನಾಗೆ ಮೈ ಉರಿಯುತ್ತಿತ್ತು. ಎಫ್‌ಐಆರ್ ದಾಖಲಿಸಿ ಹೆಡ್ ಕಾನ್‌ಸ್ಟೆಬಲ್ ಮೋಹನ್ ಜೊತೆ ಸ್ಥಳಕ್ಕೆ ಹೋದರು.

"ಚಿಕ್ಕ ಚೂರಿ, ಒಳ್ಳೆ ಹರಿತ. ಇನ್ನು ಇದು ಓಡಲ್ಲ ಮೇಡಂ" ಎಂದರು ಗಾಯ ನೋಡಿದ ಪಶುವೈದ್ಯರು.

ರವಿ ಎತ್ತಿನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಗೊಳೋ ಎಂದು ಅಳುತ್ತಿದ್ದ. ಕರುವಾಗಿದ್ದಾಗಿನಿಂದ ಸಾಕಿದವನು. ಸುಮನಾ ಅವನಿಗೆ ನೀರು ಕೊಡಿಸಿದರು. ಸ್ಥಳ ಪಂಚನಾಮೆಗೆ ಪಂಚನಾಗಿ ಅವನಿಂದಲೇ ಸಹಿ ಹಾಕಿಸಿಕೊಂಡರು.

"ಯಾರ ಮೇಲೆ ಅನುಮಾನ?"

"ತರೀಕೆರೆ ಪ್ರಕಾಶ್" ಎಂದ ರವಿ, ತಡಮಾಡದೆ. "ಹೋದ ಸಲ ಓಟದಲ್ಲಿ ನಮ್ಮೆದುರು ಸೋತಿದ್ದ."

ಓಂಕಾರೇಶ್ ನೆಲ ನೋಡುತ್ತಿದ್ದರು.

ಮಧ್ಯಾಹ್ನ ತರೀಕೆರೆಯಲ್ಲಿ ಪ್ರಕಾಶ್ ಕೋಪವನ್ನೇನೂ ಮುಚ್ಚಿಡಲಿಲ್ಲ. "ಆ ಎತ್ತನ್ನ ನಾನೇ ಕೊಂಡಿದ್ದೀನಿ ಕಣ್ರೀ. ಮುಂಗಡಾನೂ ಕೊಟ್ಟಾಗಿದೆ. ನನ್ನೆತ್ತಿನ ಕಾಲು ನಾನೇ ಕೊಯ್ತೀನಾ?"

ಸುಮನಾ ಜೀಪು ತಿರುಗಿಸಿದರು. ಓಂಕಾರೇಶ್‌ರನ್ನು ಮನೆಯ ಹಿಂದಕ್ಕೆ ಕರೆದು ಕೇಳಿದರು.

"ಮಾರಿದ್ದನ್ನ ಯಾಕೆ ಹೇಳಲಿಲ್ಲ?"

"ರವಿ ಎದುರಿಗೆ ಹೆಂಗೆ ಹೇಳ್ಲಿ ಮೇಡಂ? ಮೈಲಾರನ್ನ ಯಾವತ್ತೂ ಮಾರಲ್ಲ ಅಂತ ಅವನಿಗೆ ಮಾತು ಕೊಟ್ಟಿದ್ದೆ."

"ಅವನಿಗೆ ಗೊತ್ತಾಗಿತ್ತಾ?"

"ಮೊನ್ನೆ ಪ್ರಕಾಶ್ ಬಂದು ಎತ್ತಿನ ಹಲ್ಲು ಹಿಡಿದು ನೋಡ್ದ. ರವಿ ಅಲ್ಲೇ ಹುಲ್ಲು ಹಾಕ್ತಿದ್ದ."

ಎತ್ತಿನ ವಯಸ್ಸು ತಿಳಿಯಲು ಹಲ್ಲು ನೋಡುವುದು ಕೊಳ್ಳುವವನು ಮಾತ್ರ. ದನ ಸಾಕಿದವನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕೊಟ್ಟಿಗೆಯ ಪಕ್ಕದ ರವಿಯ ಕೋಣೆಯನ್ನು ನೆರೆಯ ಇಬ್ಬರು ಪಂಚರ ಸಮಕ್ಷಮ ಶೋಧಿಸಿದರು. ಗೋಡೆಯ ಗೂಡಿನಲ್ಲಿ, ಬಸವಣ್ಣನ ಪಟದ ಮುಂದೆ, ಕಪ್ಪು ಕೊಂಬಿನ ಹಿಡಿಕೆಯ ಚೂರಿ ಇತ್ತು. ಎರಡು ವರ್ಷದ ಹಿಂದೆ ಮೈಲಾರನ ಜೊತೆಗಾರ ಎತ್ತು ಭೈರ ಸತ್ತಾಗ, ಅದರ ಕೊಂಬಿನಿಂದ ಹಿಡಿಕೆ ಮಾಡಿಸಿ ರವಿಗೆ ಕೊಟ್ಟವರು ಓಂಕಾರೇಶ್. ಈಗ ಅದರ ಮೇಲೆ ಹಸಿ ವಿಭೂತಿ ಬಳಿದು ಹೂವಿಟ್ಟಿತ್ತು.

"ಇವತ್ತು ಯಾವ ಹಬ್ಬನಪ್ಪಾ?" ಎಂದರು ಸುಮನಾ.

ಮೋಹನ್ ಟಾರ್ಚ್ ಹಿಡಿದರು. ಅಲಗು ಚೆನ್ನಾಗಿ ತೊಳೆದಿತ್ತು. ಕೊಂಬೂ ಉಕ್ಕೂ ಕೂಡುವ ಸಂದಿಯಲ್ಲಿ ಮಾತ್ರ ರಕ್ತ ಒಣಗಿ ಕೂತಿತ್ತು.

"ಬಾವಿಗೆ ಎಸೆಯಬಹುದಿತ್ತಲ್ಲ?"

"ಭೈರನ ಕೊಂಬು ಮೇಡಂ. ಹೆಂಗೆ ಎಸೀಲಿ?"

"ಬೆಳಗ್ಗೆ ನಿನ್ನ ಕಣ್ಣೀರು ನಂಬಿ ಸಹಿ ಹಾಕಿಸಿಕೊಂಡೆ ಕಣೋ."

"ಅದು ಸುಳ್ಳಲ್ಲ."

ಹಾಗೆಂದದ್ದೇ ಸುಮನಾಗೆ ಹೆಚ್ಚು ಸಿಟ್ಟು ಬರಿಸಿತು. ಮೋಸಹೋದೆ ಎಂದುಕೊಂಡರು, ಯಾರಿಂದ ಎಂದು ಮಾತ್ರ ಸ್ಪಷ್ಟವಾಗಲಿಲ್ಲ. ಚೂರಿಯನ್ನು ಸೀಲ್ ಮಾಡಿ, ವಿಧಿವಿಜ್ಞಾನ ಪ್ರಯೋಗಾಲಯಕ್ಕೆಂದು ಚೀಟಿ ಅಂಟಿಸಿದರು. ರವಿಯ ಬಂಧನವಾಯಿತು.

"ಕುಂಟಾದ್ರೆ ಯಾರೂ ಒಯ್ಯಲ್ಲ, ಇಲ್ಲೇ ಇರ್ತಾನೆ ಅಂದ್ಕೊಂಡೆ" ಎಂದ ಅವನು, ಓಂಕಾರೇಶ್ ಕಡೆ ತಿರುಗಿ. "ಅಣ್ಣಾ, ನೀವು ಮಾತು ಕೊಟ್ಟಿದ್ರಿ."

ಓಂಕಾರೇಶ್ ಮುಖ ತಿರುಗಿಸಿಕೊಂಡರು.

ಜೀಪಿಗೆ ಹೋಗುವಾಗ ಕೊಟ್ಟಿಗೆ ದಾಟಬೇಕಿತ್ತು. "ಬತ್ತೀನಿ ಕಣೋ ಮೈಲಾರ" ಎಂದ ರವಿ, ಮೆಲ್ಲಗೆ. ಆ ದನಿ ಕೇಳಿದ್ದೇ ತಡ, ಬೆಳಗಿನಿಂದ ಮಲಗಿದಲ್ಲೇ ಇದ್ದ ಎತ್ತು ಮುಂಗಾಲಿನ ಮಂಡಿಯೂರಿ, ಹಿಂಗಾಲು ಒತ್ತಿ ಎದ್ದು ನಿಲ್ಲಲು ನೋಡಿತು. ಬಿದ್ದಿತು. ಓಂಕಾರೇಶ್ ಓಡಿಹೋಗಿ ಹಿಡಿದುಕೊಂಡರೂ ಅದು ಸುಮ್ಮನಾಗಲಿಲ್ಲ; ರವಿ ಹೋದ ದಿಕ್ಕಿಗೆ ಕತ್ತು ಚಾಚಿ, ಕೊಯ್ದ ಅದೇ ಕಾಲೂರಿ, ಮತ್ತೆ ಏಳಲು ನೋಡಿತು.