ಜೋಡಿ ಚರ್ಮ

"ಕೂಸಿನ ಮ್ಯಾಲೆ ಸೊಳ್ಳಿ ಬಿಟ್ಟು ಪರೀಕ್ಷೆ ಮಾಡ್ತೀರೇನ್ರಿ ಡಾಕ್ಟರ್ರ?" ಎಂದು ಕೇಳಿದಳು ಫಕ್ಕೀರವ್ವ. ಕೂಸು ತುಂಗಾ ಹುಟ್ಟಿದಾಗಿನಿಂದ ಮನೆಗೆ ಬಂದು ಎಣ್ಣೆ ತಿಕ್ಕಿ ಎರೆಯುವವಳು ಅವಳೇ.

"ಸೊಳ್ಳಿ ಅಲ್ಲಬೇ ಯವ್ವಾ, ಯಂತ್ರದ ಕೂದಲು," ಎಂದರು ಡಾಕ್ಟರ್ ಇನಾಮದಾರ, ಯಂತ್ರದ ತುದಿಯ ನವಿರಾದ ಎಳೆಯನ್ನು ತೋರಿಸುತ್ತ.

ಏಳು ತಿಂಗಳ ಕೂಸು ತನಗೆ ಏನು ತಾಗಿತು, ತನ್ನ ಕೈಕಾಲು ಎಲ್ಲಿವೆ ಎಂದು ಬಾಯಿಬಿಟ್ಟು ಹೇಳೀತೇ? ಅದಕ್ಕೇ ಹುಬ್ಬಳ್ಳಿಯ ಈ ವಿಜ್ಞಾನಿ 'ಜೋಡಿ ಚರ್ಮ' ಕಂಡುಹಿಡಿದಿದ್ದರು. ಈರುಳ್ಳಿ ಸಿಪ್ಪೆಯಷ್ಟು ತೆಳುವಾದ ಎರಡು ಉಡುಪು. ಚಿಕ್ಕದು ಕೂಸಿಗೆ, ದೊಡ್ಡದು ಪರೀಕ್ಷಕರಿಗೆ. ಕೂಸಿನ ಮಿದುಳು ಗಮನಿಸಿದ ಪ್ರತಿ ಸ್ಪರ್ಶವೂ, ಕೀಲುಗಳ ಪ್ರತಿ ಬಾಗುವಿಕೆಯೂ ಪರೀಕ್ಷಕರ ಮೈಯಲ್ಲಿ ಮೂಡುತ್ತಿತ್ತು.

ಇವತ್ತು ದೊಡ್ಡದನ್ನು ತೊಟ್ಟು ಕುರ್ಚಿಯಲ್ಲಿ ಕೂತಿದ್ದ ಡಾಕ್ಟರರ ಮೈಯಲ್ಲಿ ಏನೂ ಮೂಡಲಿಲ್ಲ. ಕೂದಲು ತುಂಗಾಳ ಅಂಗಾಲು, ಹೊಟ್ಟೆ, ಕುತ್ತಿಗೆಯ ಮೇಲೆಲ್ಲ ಓಡಾಡಿತು. ಕೂಸು ಆಕಳಿಸಿತು.

ಚುಚ್ಚುಮದ್ದಿಗೂ ಅಳದ ಮಗಳನ್ನು ಹೆದರಿಯೇ ಕರೆತಂದಿದ್ದ ತಾಯಿ ಇಂಪನಾ ಮುಂದೆ ಬಾಗಿದಳು. "ಅಂದ್ರ ಇಕೀಗೆ ಮುಟ್ಟಿದ್ದು ತಿಳಿಯಂಗಿಲ್ಲೇನ್ರಿ?"

ಡಾಕ್ಟರರು ಕೂದಲನ್ನು ಇನ್ನೊಮ್ಮೆ ಅಂಗಾಲಿನ ಮೇಲೆ ಓಡಿಸಿ ನೋಡಿದರು.

"ದಿನಾ ನನ್ನ ಕೈಯಾಗ ಮೈ ತಿಕ್ಕಿಸಿಕೊಳ್ಳೋ ಕೂಸದು," ಎಂದಳು ಫಕ್ಕೀರವ್ವ. "ನಿಮ್ಮ ಕೂದಲಿಗೆ ಎದ್ದು ನಮಸ್ಕಾರ ಮಾಡಬೇಕೇನು? ಕೊಡ್ರಿಲ್ಲೆ."

ನೆಲದ ಮೇಲೆ ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಬೋರಲು ಹಾಕಿಕೊಂಡು, ಚೀಲದಿಂದ ಎಣ್ಣೆಯ ಶೀಷೆ ತೆಗೆದಳು.

"ಯವ್ವಾ, ಉಡುಪಿಗೆ ಎಣ್ಣಿ ಹತ್ತತದ."

"ಒಗದ್ರ ಹೋಗ್ತದ."

ಎರಡು ಅಂಗೈ ಕೂಸಿನ ಬೆನ್ನ ಮೇಲೆ ಜಾರಿದವು. "ಅಯ್ಯಯ್ಯ," ಎನ್ನುತ್ತ ಡಾಕ್ಟರರು ಕುರ್ಚಿಯಿಂದ ಜಾರಿ ನೆಲಕ್ಕಿಳಿದರು. ಫಕ್ಕೀರವ್ವ ಕೂಸನ್ನು ಅಂಗಾತ ಮಾಡಿ, ಒಂದು ಕೈಯನ್ನು ಎದುರು ಬದಿಯ ಕಾಲಿಗೆ ಮುಟ್ಟಿಸಿ ಎಳೆದಳು.

"ಎಡಗೈ ಬಲಗಾಲಿಗೆ ಬಂತು," ಕಣ್ಣು ಮುಚ್ಚಿಕೊಂಡೇ ವರದಿ ಒಪ್ಪಿಸಿದರು ಇನಾಮದಾರರು. "ಈಗ ಬಲಗೈ ಎಡಗಾಲಿಗೆ." ಅವರ ಸ್ವಂತ ಕೈಕಾಲು ಮಾತ್ರ ನೆಲದ ಮೇಲೆ ಸುಮ್ಮನೆ ಬಿದ್ದಿದ್ದವು. ಕಂಕುಳಿಗೆ ಎಣ್ಣೆ ಬಿದ್ದಾಗ ಕೂಸು ಕಿಲಕಿಲ ನಕ್ಕಿತು. ಐವತ್ತೆಂಟರ ವಿಜ್ಞಾನಿಯೂ ಹೊರಳಾಡಿ ಕಿಲಕಿಲ ನಕ್ಕರು.

"ಎಲ್ಲಾ ತಿಳೀತದ ಇಂಪನಾ, ನೆತ್ತಿಯಿಂದ ಅಂಗಾಲಿನ ತನಕ. ಬುದ್ಧಿ ಇಲ್ಲದ್ದು ನನ್ನ ಕೂದಲಿಗೆ."

ಇಂಪನಾ ಅಳುತ್ತಲೇ ನಗತೊಡಗಿದಳು.

"ಮುಗೀತಲ್ರಿ, ಇನ್ನ ಬಿಡ್ಲೇನು?" ಎಂದಳು ಫಕ್ಕೀರವ್ವ.

"ಬ್ಯಾಡಬೇ. ಬೆನ್ನಿಂದು ಇನ್ನೊಮ್ಮೆ ಪರೀಕ್ಷೆ ಆಗ್ಬೇಕು."

"ಯಾರ ಬೆನ್ನಿಂದ್ರಿ, ಕೂಸಿಂದೋ ನಿಮ್ಮದೋ?"

ಉತ್ತರವಾಗಿ ಗೊರಕೆ ಕೇಳಿಸಿತು. ಹೊರಗೆ ಸರದಿಯಲ್ಲಿದ್ದ ತಾಯಂದಿರು ಒಬ್ಬೊಬ್ಬರಾಗಿ ಬಾಗಿಲಲ್ಲಿ ಇಣುಕಿದರು. ತುಂಗಾ ಗಾಳಿಯಲ್ಲಿ ತಡಕಾಡಿ, ತನ್ನ ಕಾಲಿನ ಹೆಬ್ಬೆರಳನ್ನು ತಾನೇ ಹುಡುಕಿ ಹಿಡಿದು, ಬಾಯಿಗಿಟ್ಟು ಚೀಪತೊಡಗಿದಳು. ನಿದ್ದೆಯಲ್ಲೇ ಡಾಕ್ಟರರು ಕಾಲನ್ನೊಮ್ಮೆ ಒಳಗೆಳೆದುಕೊಂಡರು.