ಹದಿನಾಲ್ಕನೇ ನಂಬರಿನ ಜಾಗ

"ಮುಂದಿನವ್ರು ಬನ್ನಿ!"

ಕಂಪ್ಯೂಟರಿನಿಂದ ತಲೆ ಎತ್ತದೆಯೇ ಅವಳು ಕೂಗಿದಳು. ಕೌಂಟರಿನ ಗಾಜಿನ ಕೆಳಗಿನ ಕಿಂಡಿಯಿಂದ ಅರ್ಜಿಯೊಂದು ಒಳಗೆ ಸರಿಯಿತು. ಆ ಕೈಬರಹ ನೋಡಿದ್ದೇ ತಡ, ಅವಳ ಬೆರಳುಗಳು ಕೀಬೋರ್ಡಿನ ಮೇಲೆಯೇ ನಿಂತುಬಿಟ್ಟವು.

ಎಡಕ್ಕೆ ವಾಲಿದ ಅದೇ ಉದ್ದುದ್ದ ಅಕ್ಷರ... ಒಂದು ಕಾಲದಲ್ಲಿ ಈ ಅಕ್ಷರದ ಚೀಟಿಗಾಗಿ ಅವಳು ದಿನವಿಡೀ ಕಾಯುತ್ತಿದ್ದಳು. ಅವಳ ಬದುಕಿಗೆ ಬೀಗ ಹಾಕಿಸಿದ ವರದಿಯೂ ಇದೇ ಅಕ್ಷರದಲ್ಲಿತ್ತು.

ತಲೆ ಎತ್ತಿದಳು. ಅವನೇ! ಅರಣ್ಯ ಇಲಾಖೆಯ ಸರ್ವೇಯರ್. ಮೂರು ವರ್ಷದಲ್ಲಿ ಸ್ವಲ್ಪ ಸೊರಗಿದ್ದ.

"ಹೇಗಿದ್ದೀಯ?"

"ಎಷ್ಟು ದಿನ? ಎಷ್ಟು ಜನ?" ಅವಳ ದನಿಯಲ್ಲಿ ಮಂಜುಗಡ್ಡೆ.

"ಮೂರು ದಿನ... ಇಬ್ರು."

ಇಬ್ಬರು! ಅವಳ ಮೈಯೆಲ್ಲ ಉರಿದುಹೋಯಿತು. 'ಮದುವೆಯೂ ಆಯ್ತಾ? ನಮ್ಮ ಮನೆ ಹಾಳುಮಾಡಿ, ಈಗ ಹೆಂಡತೀನ ಕರ್ಕೊಂಡು ಕಾಡಲ್ಲಿ ಸುತ್ತಾಟ ಬೇರೆ! ಅದಕ್ಕೆ ಜಾಗ ಹುಡುಕಿಕೊಡೋಕೆ ನಾನೇ ಬೇಕಿತ್ತಾ?'

ಮೂರು ವರ್ಷದ ಹಿಂದೆ ನದಿಯ ದಡದಲ್ಲಿ ಅವಳದೂ ಅಪ್ಪನದೂ ಒಂದು ಕ್ಯಾಂಪ್ ಇತ್ತು. ಹನ್ನೆರಡು ಟೆಂಟು, ತಗಡಿನ ಮಾಡಿನ ಅಡುಗೆಮನೆ. ತಾಯಿ ತೀರಿಕೊಂಡ ಮೇಲೆ ಅಪ್ಪ ಮಗಳು ಇಬ್ಬರೇ ಗುಂಡಿ ತೋಡಿ, ಗೂಟ ಹೊಡೆದು ಕಟ್ಟಿದ್ದು. ಪಕ್ಕದ ಸರ್ಕಾರಿ ಪಾರ್ಕಿನ ಗಡಿ ಅಳೆಯಲು ಬಂದವನು ಅವಳ ಮನಸ್ಸನ್ನೂ ಅಳೆದುಬಿಟ್ಟಿದ್ದ. ಮದುವೆಯ ಮಾತೂ ಗಟ್ಟಿಯಾಗಿತ್ತು.

ಅಷ್ಟರಲ್ಲಿ ಅವನೇ ಬರೆದ ವರದಿ ಬಂತು. 'ಈ ಜಾಗ ತಂಗಲು ಯೋಗ್ಯವಲ್ಲ.' ರಜೆಯ ಸೀಸನ್ನಿಗೆ ಒಂದೇ ವಾರ ಇರುವಾಗ ಗೇಟಿಗೆ ಸರ್ಕಾರದ ಬೀಗ ಬಿತ್ತು!

"ಯಾಕೆ ಹೀಗ್ಮಾಡ್ದೆ?" ಎಂದು ಅವನ ಅಂಗಿ ಹಿಡಿದು ಕೇಳಿದ್ದಳು.

"ಅಳೆದಿದ್ದನ್ನ ಬರೆದೆ," ಅಂದಿದ್ದ. ಅಷ್ಟೇ. ಅವಳು ಅವನನ್ನು ಹೊರಗೆ ದಬ್ಬಿ ಮನೆಯ ಬಾಗಿಲು ಹಾಕಿಕೊಂಡಿದ್ದಳು.

ಅಂದಿನಿಂದ ಅಪ್ಪ ಮನೆ ಬಿಟ್ಟು ಕದಲಲಿಲ್ಲ. ಅವಳು ಈ ಬುಕಿಂಗ್ ಕಚೇರಿ ಸೇರಿದಳು. ಸುತ್ತಮುತ್ತಲಿನ ಅಷ್ಟೂ ಸರ್ಕಾರಿ ಪಾರ್ಕುಗಳು, ಅವುಗಳ ಆಚೀಚೆಯ ಕ್ಯಾಂಪುಗಳು ಈಗ ಅವಳ ಬೆರಳ ತುದಿಯಲ್ಲಿದ್ದವು. ಎಲ್ಲಿ ನೆರಳು, ಎಲ್ಲಿ ಇರುವೆ ಹುತ್ತ, ಯಾವ ನಲ್ಲಿಯಲ್ಲಿ ನೀರು ಬರುವುದಿಲ್ಲ... ಎಲ್ಲವೂ!

'ದೇವರು ದೊಡ್ಡವನು,' ಅಂದುಕೊಂಡಳು. 'ಕೊನೆಗೂ ನನ್ನ ಕೈಗೇ ತಂದು ಕೊಟ್ಟ!'

"ಎಂಥ ಜಾಗ ಬೇಕು ಸಾಹೇಬ್ರಿಗೆ?" ಅವಳ ನಗುವಿನಿಂದ ಜೇನು ಸುರಿಯುತ್ತಿತ್ತು.

"ನೆಲ ಸಮ ಇರ್ಲಿ. ನೀರು ಹತ್ರ ಇರ್ಲಿ. ನನಗೆ ಹೇಗಿದ್ರೂ ನಡೆಯುತ್ತೆ, ಜೊತೇಲಿ ಬರೋರು ಸುಖವಾಗಿರ್ಬೇಕು."

ಓಹೋ, ಮಹಾರಾಣಿಯ ಸುಖ!

ಅವಳ ಬೆರಳುಗಳು ಪಟಪಟ ಓಡಿದವು. ಮೊದಲನೇ ದಿನ ಕೆಳಗಿನ ಪಾರ್ಕಿನ ಹದಿನಾಲ್ಕನೇ ನಂಬರ್. ಅದು ಅಪ್ಪಟ ಜವುಗು, ಸೊಳ್ಳೆಗಳ ತವರುಮನೆ. ಎರಡನೇ ದಿನ ಗುಡ್ಡದ ನೆತ್ತಿ, ಕೊಡ ನೀರಿಗೂ ಮುನ್ನೂರು ಮೆಟ್ಟಿಲು. ಮೂರನೇ ದಿನ ರಸ್ತೆ ಬದಿಯ ಖಾಸಗಿ ಕ್ಯಾಂಪು, ಪಕ್ಕದಲ್ಲೇ ಕಲ್ಲು ಒಡೆಯುವ ಯಂತ್ರ.

"ಮೂರೂ ಒಂದಕ್ಕಿಂತ ಒಂದು ಚೆನ್ನಾಗಿವೆ. ಸಹಿ ಹಾಕಿ."

ಅವನು ಪಟ್ಟಿಯನ್ನು ನಿಧಾನವಾಗಿ ಓದಿದ. ಹದಿನಾಲ್ಕರ ಮೇಲೆ ಅವನ ಬೆರಳು ಒಂದು ಕ್ಷಣ ನಿಂತಿತು. ಆಮೇಲೆ ಸಹಿ ಹಾಕಿದ.

"ಥ್ಯಾಂಕ್ಸ್... ಸಿಡುಕಿ."

ಆ ಅಡ್ಡಹೆಸರು! ಅವನು ಹೋದ ಮೇಲೂ ಅವಳ ಕಿವಿ ಬಿಸಿಯಾಗಿಯೇ ಇತ್ತು.

ಶನಿವಾರ ಬೆಳಿಗ್ಗೆ ಅವಳು ಹಾಡು ಗುನುಗುತ್ತ ಹಜಾರಕ್ಕೆ ಬಂದರೆ, ಅಪ್ಪ ಹಳೆಯ ಬೂಟಿಗೆ ಪಾಲಿಶ್ ಹಚ್ಚುತ್ತ ಕೂತಿದ್ದರು! ಪಕ್ಕದಲ್ಲಿ ತುಂಬಿದ ಚೀಲ.

"ಎಲ್ಲಿಗಪ್ಪ ಸವಾರಿ?"

"ಕ್ಯಾಂಪಿಗೆ ಮರಿ. ಮೂರು ದಿನ."

ಮೂರು ವರ್ಷದ ಮೇಲೆ! ಅವಳ ಕಣ್ಣು ತುಂಬಿ ಬಂತು. "ಯಾರ ಜೊತೆ?"

ಅಪ್ಪ ಬೂಟಿನಿಂದ ಕಣ್ಣು ಕೀಳಲಿಲ್ಲ. "ಸರ್ವೇಯರ್ ಜೊತೆ. ನಾನೇ ಫೋನ್ ಮಾಡಿ ಕರೆದೆ. ನಿನ್ನ ಕೌಂಟರಿಗೇ ಹೋಗಪ್ಪ ಅಂದವನೂ ನಾನೇ."

ಇಬ್ಬರು ಎಂದರೆ... ಅಪ್ಪ?

"ಅಯ್ಯೋ! ನಿಮ್ಮನ್ನ ಜವುಗಿಗೆ ಹಾಕ್ಬಿಟ್ಟೆನಲ್ಲಪ್ಪಾ!" ಮರುಕ್ಷಣವೇ ಸಿಟ್ಟು ನೆತ್ತಿಗೇರಿತು. "ನಮ್ಮನ್ನ ಬೀದಿಗೆ ತಂದವನ ಜೊತೆ ಹೋಗ್ತೀರಾ? ನಾಚಿಕೆ ಆಗಲ್ವಾ ನಿಮಗೆ?"

"ಆಗುತ್ತೆ," ಅಂದರು ಅಪ್ಪ. ಬ್ರಷ್ ಕೆಳಗಿಟ್ಟರು. "ಆ ವರದಿ ಬರೆಸಿದ್ದು ನಾನು."

"ಏನು?"

"ಅಡುಗೆಮನೆ ಹಿಂದೆ ದಡ ಬಿರುಕು ಬಿಟ್ಟಿತ್ತು. ಮೊದಲು ನೋಡಿದ್ದು ನಾನೇ. ನೀನು ಆ ಸೀಸನ್ನಿಗೆ ಅಂತ ಹಗಲೂ ರಾತ್ರಿ ದುಡೀತಿದ್ದೆ. ಮುಚ್ಚೋಣ ಮಗಳೇ ಅಂತ ಹೇಳೋಕೆ ನನಗೆ ಬಾಯೇ ಬರ್ಲಿಲ್ಲ. ಅವನನ್ನ ಕರೆಸಿ ಅಳೆಸಿದೆ. ಅವನೂ ಅಪಾಯ ಅಂದ. ಬರೆದ್ಬಿಡು, ಆದ್ರೆ ನಾನು ಕೇಳಿದ್ದು ಅಂತ ಅವಳಿಗೆ ಹೇಳ್ಬೇಡ ಅಂತ ಕೈ ಮುಗಿದೆ..."

"ಅವನನ್ನ ನಾನು ಶಪಿಸೋದನ್ನ ನೋಡ್ಕೊಂಡು ಸುಮ್ಮನಿದ್ರಾ? ಮೂರು ವರ್ಷ!"

"ಇವತ್ತು ಹೇಳ್ತೀನಿ, ನಾಳೆ ಹೇಳ್ತೀನಿ ಅಂತಲೇ ಕಳೀತು ಮರಿ. ಮುಂದಿನ ಮಳೆಗೆ ದಡ ಕುಸಿದೇ ಹೋಯ್ತಂತೆ. ನೀನು ಆ ಕಡೆ ತಲೆ ಹಾಕ್ಲಿಲ್ಲ. ಬದುಕಿರೋವಾಗಲೇ ಒಂದ್ಸಲ ಅಲ್ಲಿ ನಿಂತು ಅವನ ಹತ್ರ ಕ್ಷಮೆ ಕೇಳ್ಬೇಕು ಅನ್ನಿಸ್ತು. ಆಮೇಲೆ ನಿನ್ನ ಹತ್ರ."

ಹೊರಗೆ ಜೀಪಿನ ಹಾರ್ನ್ ಕೇಳಿಸಿತು.

ಅವಳು ಬರಿಗಾಲಲ್ಲೇ ಓಡಿದಳು. ಜೀಪಿನ ಬಾಗಿಲನ್ನು ಧಡ್ ಎಂದು ಗುದ್ದಿದಳು.

"ಹದಿನಾಲ್ಕು ಜವುಗು ಅಂತ ಗೊತ್ತಿತ್ತಾ ನಿನಗೆ?"

"ಅದರ ನಕ್ಷೆ ಮಾಡಿದ್ದೇ ನಾನು."

"ಮತ್ತೆ ಸಹಿ ಯಾಕೆ ಹಾಕ್ದೆ?!"

"ನಿಮ್ಮಪ್ಪನಿಗೆ ಮಲಗೋಕೆ ಪಾರ್ಕಿನ ಗಾರ್ಡ್ ಕೋಣೆ ಹೇಳಿದ್ದೆ. ಜವುಗು ನನಗೆ." ಅವನು ಮೆಲ್ಲಗೆ ನಕ್ಕ. "ನಿನ್ನ ಸಿಟ್ಟು ತೀರೋದಾದ್ರೆ ಸೊಳ್ಳೆ ಕಡಿದ್ರೆ ಕಡೀಲಿ ಬಿಡು ಅಂದ್ಕೊಂಡೆ."

ಅವಳಿಗೆ ಅಳು ಉಕ್ಕಿ ಬಂತು. ಆದರೆ ಅಳಲಿಲ್ಲ.

"ಇಳೀಬೇಡ," ಅಂದಳು. "ನದಿಗೆ ನಡಿ. ನಾನೂ ಬರ್ತೀನಿ."

ಬಿಸಿಲು ಏರುವ ಹೊತ್ತಿಗೆ ಮೂವರೂ ದಡದಲ್ಲಿದ್ದರು. ದಡ ಎಲ್ಲಿತ್ತು? ಅಡುಗೆಮನೆ, ಅದರ ಮುಂದಿನ ಏಳು ಟೆಂಟಿನ ಜಾಗ... ಎಲ್ಲವನ್ನೂ ನದಿ ಕಚ್ಚಿಕೊಂಡು ಹೋಗಿತ್ತು. ಕೆಂಪು ಮಣ್ಣಿನ ಗೋಡೆಯಿಂದ ಬೇರುಗಳು ನೇತಾಡುತ್ತಿದ್ದವು.

ಅವಳು ಏಳು ಟೆಂಟಿನ ಜನರನ್ನು ಕಣ್ಣ ಮುಂದೆ ತಂದುಕೊಂಡಳು. ಅಂಚಿನಿಂದ ಎರಡು ಹೆಜ್ಜೆ ಹಿಂದೆ ಸರಿದಳು. ಅಪ್ಪ ಸರ್ವೇಯರನ ಎರಡೂ ಕೈ ಹಿಡಿದು "ತಪ್ಪಾಯ್ತಪ್ಪ," ಅಂದರು. ಅವನು "ಬಿಡಿ ಯಜಮಾನ್ರೇ," ಅಂದ. ಅಪ್ಪ ಕಣ್ಣೊರೆಸಿಕೊಂಡು, ಸೌದೆ ಹುಡುಕುವ ನೆಪದಲ್ಲಿ ದೂರ ಹೋದರು.

"ನಿನ್ನನ್ನ ಅಳಿಸ್ಬೇಕು ಅಂತ ಮೂರು ವರ್ಷ ಕಾದಿದ್ದೆ," ಅಂದಳು ಅವಳು, ನೀರನ್ನೇ ನೋಡುತ್ತ. "ಎಷ್ಟೆಷ್ಟು ಯೋಚನೆ ಮಾಡಿದ್ದೆ ಗೊತ್ತಾ?"

"ಗೊತ್ತು."

"ಮದುವೆ ಆಗಿದ್ಯಾ?"

"ಹೆಣ್ಣು ಬಾಗಿಲೇ ತೆಗೀಲಿಲ್ವಲ್ಲ... ಎಲ್ಲಿಂದ ಆಗ್ಲಿ?"

ಈ ಸಲ ಅವಳ ಅಳು ಅವಳ ಮಾತು ಕೇಳಲಿಲ್ಲ. ಅವನು ಹತ್ತಿರ ಬಂದು ನಿಂತ, ಮುಟ್ಟಲಿಲ್ಲ. ಅವಳೇ ಅವನ ತೋಳಿಗೆ ಹಣೆ ಆನಿಸಿದಳು.

"ಕ್ಷಮಿಸಿದ್ಯಾ?" ಎಂದು ಕೇಳಿದ.

"ಇಲ್ಲ! ಇಬ್ರನ್ನೂ ಇಲ್ಲ. ಅಪ್ಪ ಮೂರು ದಿನ ಅಡುಗೆ ಮಾಡ್ಲಿ."

"ನಾನು?"

"ನೀನು ಮಾತಾಡ್ಬೇಕು. ಮೂರು ವರ್ಷ ಬಾಯಿ ಮುಚ್ಕೊಂಡಿದ್ಯಲ್ಲ, ಅಷ್ಟೂ ಮಾತು."

"ಎಲ್ಲಿಂದ ಶುರು ಮಾಡ್ಲಿ?"

"ನಾನು ನಿನ್ನನ್ನ ಹೊರಗೆ ದಬ್ಬಿದ ದಿನದಿಂದ. ಆವತ್ತು ಎಲ್ಲಿಗೆ ಹೋದೆ?"

"ಎಲ್ಲಿಗೂ ಹೋಗ್ಲಿಲ್ಲ. ನಿಮ್ಮನೆ ಮೆಟ್ಟಿಲ ಮೇಲೇ ಕೂತಿದ್ದೆ."

"ಎಷ್ಟು ಹೊತ್ತು?"

"ಈಗಲೂ ಅಲ್ಲೇ ಇದ್ದೀನಿ ಕಣೇ..."