ಗಿರಣಿಯ ಗದ್ದಲದಲ್ಲಿ ಶಾಂಭವಿಯ ಸ್ಪ್ಯಾನಿಷ್

"ಗಿರಣಿ ಯಾಕ ಬಂದ್ ಮಾಡಿದ್ರಿ? ಚಾಲೂ ಮಾಡ್ರಿ!"

ಹಿಟ್ಟಿನ ಗಿರಣಿಯ ನೀಲಕಂಠ ಕಕ್ಕಾಬಿಕ್ಕಿಯಾದ. ಜೋಳದ ಬುಟ್ಟಿ ಇಳಿಸಿ ಕಿವಿಗೆ ಮೊಬೈಲ್ ಒತ್ತಿಕೊಂಡಿದ್ದ ಹುಡುಗಿಗೆ ಕೇಳಿಸಲಿ ಎಂದೇ ನಿಲ್ಲಿಸಿದ್ದ. ಉಪಕಾರ ಮಾಡಹೋದವನಿಗೆ ಬೈಗುಳ!

"ಫೋನಿನ್ಯಾಗ ಮಾತಾಡಾಕತ್ತೀರಿ ಅಂತ..."

"ಮಾತಾಡಾಕತ್ತಿಲ್ರಿ, ಸ್ಪ್ಯಾನಿಷ್ ಕೇಳಾಕತ್ತೀನಿ. ಈ ಗದ್ದಲದಾಗ ತಿಳದ್ರ ಎಲ್ಲಿ ಬೇಕಾದ್ರೂ ತಿಳೀತದ."

ರಂಗಂಪೇಟೆಯ ಕಿರಾಣಿ ಅಂಗಡಿಯವರ ಮಗಳು ಶಾಂಭವಿ. ಸ್ಪ್ಯಾನಿಷ್‌ನ ಮೇಲಿನ ಹಂತದ ಪರೀಕ್ಷೆ ಪಾಸಾದರೆ ಮನೆಯಲ್ಲೇ ಕುಳಿತು ಮಾಡುವ ದುಭಾಷಿ ಕೆಲಸ. ವ್ಯಾಕರಣದಲ್ಲಿ ಅವಳನ್ನು ಹಿಡಿಯುವವರಿಲ್ಲ, ಶಬ್ದಗಳೆಲ್ಲ ನಾಲಿಗೆಯ ತುದಿಯಲ್ಲಿ. ಕೇಳುವ ಪರೀಕ್ಷೆಯಲ್ಲಿ ಮಾತ್ರ ಎರಡು ಸಲ ಫೇಲ್! ಸಂತೆಯ ಗಲಾಟೆಯಲ್ಲಿ ನಾಲ್ವರು ಒಟ್ಟಿಗೆ ಮಾತಾಡುವ ಧ್ವನಿಮುದ್ರಣ ಹಾಕಿದರೆ ಸಾಕು, ಕಿವಿ ಕೈಕೊಡುತ್ತಿತ್ತು.

"ಇದೊಂದ ಸಲ ಬರಿ. ಆಮ್ಯಾಲ ಮದಿವಿ," ಎಂದುಬಿಟ್ಟಿದ್ದಳು ಅವ್ವ.

ಅಂದಿನಿಂದ ದಿನಾ ಮಧ್ಯಾಹ್ನ ಎರಡಕ್ಕೆ ಶಾಂಭವಿ ಗಿರಣಿಯ ಕಟ್ಟೆಗೆ ಹಾಜರು. ಒಳಗೆ ಕಲ್ಲು ಗರಗರ, ಕೈಯಲ್ಲಿ ಮೊಬೈಲ್ ವಟವಟ. ಕಣ್ಣು ಮುಚ್ಚಿ ಕೇಳುತ್ತಿದ್ದಳು. ಮೊದಮೊದಲು ಹತ್ತು ಮಾತಿನಲ್ಲಿ ಎರಡು ತಿಳಿದರೆ ಹೆಚ್ಚು. ತಿಂಗಳಲ್ಲಿ ಎಂಟು!

ಆ ಖುಷಿಯನ್ನು ಮೊದಲು ಹೇಳಿಕೊಂಡದ್ದು ನೀಲಕಂಠನಿಗೆ. ಅವನು ನಕ್ಕರೆ ಕಣ್ಣೆವೆಯಿಂದ ಹಿಟ್ಟು ಉದುರುತ್ತಿತ್ತು... ಅದನ್ನೂ ಅವಳು ಗಮನಿಸತೊಡಗಿದ್ದಳು.

ಪರೀಕ್ಷೆಗೆ ವಾರ ಉಳಿದಾಗ ಅವನೇ ಅಂದ, "ನಾಳಿಂದ ಬರಬ್ಯಾಡ್ರಿ."

ಅವಳು ದಿನಾ ಗಿರಣಿಗೆ ಬರುವುದನ್ನು ಊರು ಆಡಿಕೊಳ್ಳುತ್ತಿತ್ತು. ಇವನೂ ಊರ ಬಾಯಿಗೆ ಹೆದರಿದನೇ!

ಮರುದಿನ ಬೇಕೆಂದೇ ಬಂದು ಕುಳಿತಳು. "ಹಚ್ಚರಿ ಗಿರಣಿ!"

ಅವನು ಬಾಯಿ ತೆರೆಯುವಷ್ಟರಲ್ಲಿ ಪಕ್ಕದ ಓಣಿಯ ಮುದುಕಿ ಭೀಮವ್ವ ಹಿಟ್ಟಿನ ಡಬ್ಬಿ ಹಿಡಿದು ನುಗ್ಗಿದಳು.

"ಏ ನೀಲಕಂಠ, ರೊಟ್ಟಿ ಕಡದ್ರ ಕರಕರ ಅಂತದಲೋ! ಇದ್ದ ನಾಕ ಹಲ್ಲೂ ಕಳೀತೀಯೇನು?"

"ಕಲ್ಲ ಸವದಾವ, ಆಯಿ..."

"ಸವೀದ ಏನ ಮಾಡ್ತಾವ? ತಿಂಗಳಾತು, ದಿನಾ ಮಧ್ಯಾಹ್ನ ಕಾಳ ಹಾಕಲಾರದ ತಾಸಗಟ್ಟಲೆ ತಿರಗಸ್ತಿ. ಕಲ್ಲಿಗಿ ಕಲ್ಲ ತಿಕ್ಕಿ ಪುಡಿ ಬೀಳ್ತದ. ನಿಮ್ಮಪ್ಪ ಇದ್ದಿದ್ರ ಬೆನ್ನಿಗಿ ಎರಡ ಬಿಡತಿದ್ದ!"

ಶಾಂಭವಿ ಎದ್ದು ನಿಂತಳು. ಎರಡು ಗಂಟೆಯ ಬಿಸಿಲಲ್ಲಿ ಯಾರು ಬೀಸಿಸಲು ಬರುತ್ತಾರೆ? ಇಷ್ಟು ದಿನ... ನನಗೋಸ್ಕರ?

"ಹಂಗಿದ್ರ ನಿನ್ನಿ ಬರಬ್ಯಾಡ ಅಂದಿದ್ಯಾಕ?"

"ನಿಮ್ಮವ್ವ ಬಂದಿದ್ರು. ಕೆಂಭಾವಿ ಊರಿಂದ ನಿಮಗ ಸಂಬಂಧ ಬಂದದಂತ. ಮಂದಿ ಮಾತಿಗಿ ಮುರೀತದ ಅಂದ್ರು."

"ಮುರೀಲಿ! ನಾ ಎಂದ ಹ್ಞೂಂ ಅಂದೀನಿ? ಪರೀಕ್ಷಾ ನಂದು, ಲಗ್ನಾನೂ ನಂದ. ಎರಡೂ ನಾನ ನೋಡ್ಕೋತೀನಿ."

ಭೀಮವ್ವ ಡಬ್ಬಿಯ ಮೇಲೇ ಕುಳಿತುಬಿಟ್ಟಳು. "ಹ್ಞಾಂ, ಮುಂದ?"

ನೀಲಕಂಠನ ದನಿ ಇಳಿಯಿತು. "ಪರೀಕ್ಷಾ ಮುಗದ ಮ್ಯಾಲ... ನಮ್ಮವ್ವನ್ನ ನಿಮ್ಮನಿಗಿ ಕಳಸ್ಲೇನ್ರಿ?"

"ಪಾಸಾದ್ರ ಅಷ್ಟೇನು?"

"ಫೇಲಾದ್ರೂ!"

ಅವಳ ಕಣ್ಣು ತುಂಬಿತು. ಗದ್ದ ಮಾತ್ರ ಮೇಲಕ್ಕೇ ಇತ್ತು.

"ಹಂಗಾದ್ರ ಕಾಯೂದ್ಯಾಕ? ಇವತ್ತ ಸಂಜಿಗೇ ಕಳಸ್ರಿ. ಬಾಗಲಾ ನಾನ ತಗೀತೀನಿ!"